ಸೂರ್ಯನ ಕರೆಂಟು ಕಡ್ಡಾಯ ಇರಲಿ, ಆದರೆ ನಮ್ಮ ಫೀಡರಿಗೂ ಬರಲಿ

ನಮ್ಮ ವಾಚನಾಲಯದ ಕಟ್ಟೆಯ ಮ್ಯಾಲ ಸಂಜೀಕ ಕೂಡುವ ಮಂದಿಯಲ್ಲಿ ಈಗ ಎರಡು ಪಕ್ಷ ಆಗ್ಯಾವ. ಒಂದು ಪಕ್ಷದವರು ಅನ್ನುತ್ತಾರೆ: "ಲೈಟ್ ಕಂಪನಿಯವರು ಇಷ್ಟು ಪಾಲು ಸೋಲಾರ್, ಗಾಳಿ ಕರೆಂಟು ಕೊಳ್ಳಲೇಬೇಕು ಅಂತ ಸರ್ಕಾರ ಕಾಯ್ದೆ ಮಾಡ್ಯಾದ. ಅದರ ಭಾರ ಎಲ್ಲಾ ನಮ್ಮ ಬಿಲ್ಲಿನ ಮ್ಯಾಲ." ಇನ್ನೊಂದು ಪಕ್ಷದವರು ಅನ್ನುತ್ತಾರೆ: "ಸೋಲಾರ್ ಬಂತಂದ್ರ ಎಲ್ಲಾ ಪುಕ್ಕಟ. ಸುಮ್ಮನ ಕೂಡ್ರಿ." ನನಗೆ ಇಬ್ಬರ ಮಾತೂ ಒಪ್ಪಿಗೆ ಇಲ್ಲ. ಕಡ್ಡಾಯ ಬೇಕೇ ಬೇಕು. ಆದರೆ ಅದನ್ನು ಅಳೆಯುವ ಕೋಲು ತಪ್ಪಾಗಿದೆ. ಆ ಕೋಲನ್ನು ನಮ್ಮ ಹೊಲದ ತನಕ ತರಬೇಕು ಅನ್ನುವುದೇ ನನ್ನ ತಕರಾರು.

ಮೊದಲು ಕಾಯ್ದೆ ಏನೆಂಬುದನ್ನು ನೋಡೋಣ. 2003ರ ವಿದ್ಯುತ್ ಕಾಯ್ದೆಯ 86ನೇ ಕಲಮಿನಲ್ಲಿ ಒಂದು ಮಾತಿದೆ. ಕರೆಂಟು ಹಂಚುವ ಕಂಪನಿ ತನ್ನ ಪ್ರದೇಶದಲ್ಲಿ ಖರ್ಚಾಗುವ ಒಟ್ಟು ಕರೆಂಟಿನಲ್ಲಿ ಇಂತಿಷ್ಟು ಪಾಲನ್ನು ಸೂರ್ಯ, ಗಾಳಿ, ನೀರಿನಂಥ ಮುಗಿಯದ ಮೂಲಗಳಿಂದ ಕೊಳ್ಳಬೇಕು. ಆ ಪಾಲು ಎಷ್ಟೆಂದು ರಾಜ್ಯದ ವಿದ್ಯುತ್ ಆಯೋಗ ಗೊತ್ತುಮಾಡಬೇಕು. ನಮ್ಮ ಮಟ್ಟಿಗೆ ಹಂಚುವ ಕಂಪನಿ ಅಂದರೆ ಮಹಾವಿತರಣ, ಆಯೋಗ ಅಂದರೆ ಮುಂಬಯಿಯಲ್ಲಿ ಕೂತಿರುವ ಮಹಾರಾಷ್ಟ್ರ ವಿದ್ಯುತ್ ನಿಯಾಮಕ ಆಯೋಗ. 2023ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಇಡೀ ದೇಶಕ್ಕೆ ಒಂದೇ ಪಟ್ಟಿ ಹೊರಡಿಸಿತು. 2024-25ರಲ್ಲಿ ನೂರಕ್ಕೆ 29.91 ಪಾಲು, ವರ್ಷ ವರ್ಷ ಏರಿ 2029-30ಕ್ಕೆ ನೂರಕ್ಕೆ 43.33 ಪಾಲು. ಇದು ದಾನಧರ್ಮದ ಮಾತಲ್ಲ. ಪಾಲು ಮುಟ್ಟದಿದ್ದರೆ ದಂಡ ಅದ.

"ಅಗ್ಗ ಇದ್ದರೆ ಕಂಪನಿಯವರು ತಾವೇ ಕೊಳ್ತಾರ, ಒತ್ತಾಯ ಯಾಕ?" ಎಂದು ಕೇಳುವವರಿಗೆ ನನ್ನ ಉತ್ತರ ಇದು. ಅಗ್ಗ ಆಗಿದ್ದೇ ಒತ್ತಾಯದಿಂದ. ರಾಷ್ಟ್ರೀಯ ಸೌರ ಮಿಷನ್ 2010ರಲ್ಲಿ ಶುರುವಾದಾಗ ಸೋಲಾರ್ ಕರೆಂಟಿನ ಲಿಲಾವು ಯೂನಿಟ್ಟಿಗೆ 11-12 ರೂಪಾಯಿಗೆ ನಿಂತಿತ್ತು. 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ಅದು 2 ರೂಪಾಯಿ 44 ಪೈಸೆಗೆ ಇಳಿಯಿತು. 2020ರ ಡಿಸೆಂಬರಿನಲ್ಲಿ ಗುಜರಾತಿನ ಲಿಲಾವಿನಲ್ಲಿ 2 ರೂಪಾಯಿಗೂ ಒಂದು ಪೈಸೆ ಕಡಿಮೆ. ಚೀನಾದ ಕಾರ್ಖಾನೆಗಳು, ಜಗತ್ತಿನ ಪೇಟೆ, ಇವೂ ಕಾರಣ ಹೌದು. ಆದರೆ ಕೊಳ್ಳುವವ ಗ್ಯಾರಂಟಿ ಇದ್ದಾನೆ ಅಂತ ಗೊತ್ತಾಗದೆ ಯಾವ ಸಾಹುಕಾರನೂ ರೊಕ್ಕ ಹಾಕುವುದಿಲ್ಲ. ಆ ಗ್ಯಾರಂಟಿ ಕೊಟ್ಟದ್ದು ಕಾಯ್ದೆ. ಮಾಸ್ತರರೇ, ನಿಮಗೆ ಬೇರೆ ಹೇಳಬೇಕೇ? ಶಿಕ್ಷಣ ಕಡ್ಡಾಯ ಮಾಡದೆ ಎಲ್ಲರ ಮಕ್ಕಳೂ ಸಾಲಿಗೆ ಬರುತ್ತಿದ್ದರೇ?

ಇನ್ನು ಬಿಲ್ಲಿನ ಮಾತು. ಇದು ಪೂರಾ ಸುಳ್ಳಲ್ಲ. ಮೊದಮೊದಲು ಹೆಚ್ಚಿನ ದರಕ್ಕೆ ಮಾಡಿಕೊಂಡ ಗಾಳಿ, ಸೋಲಾರ್ ಕರಾರುಗಳು ವರ್ಷಗಟ್ಟಲೆ ನಡೆಯುತ್ತವೆ. ಅವುಗಳ ಭಾರ ಬಿಲ್ಲಿನಲ್ಲಿ ಇದ್ದೇ ಇದೆ. ಆದರೆ ಸೋಲಾರಿನ ಭಾರ ಎಣಿಸುವವರು ಕಲ್ಲಿದ್ದಲಿನ ಭಾರವನ್ನು ಯಾಕೆ ಎಣಿಸುವುದಿಲ್ಲ? ದಕ್ಷಿಣ ಸೊಲ್ಲಾಪುರ ತಾಲೂಕಿನ ಫತಾಟೇವಾಡಿಯ ಎನ್‌ಟಿಪಿಸಿ ಸ್ಥಾವರವನ್ನೇ ನೋಡಿರಿ. 660 ಮೆಗಾವ್ಯಾಟಿನ ಎರಡು ಘಟಕ, ಒಟ್ಟು 1320 ಮೆಗಾವ್ಯಾಟ್. ನಮ್ಮ ಜಿಲ್ಲೆಯಲ್ಲಿ ಒಂದು ಬುಟ್ಟಿ ಕಲ್ಲಿದ್ದಲು ಸಿಗುವುದಿಲ್ಲ. ಎಲ್ಲವೂ ದೂರದಿಂದ ರೈಲಿನಾಗ ಬರಬೇಕು. ನೀರು ಉಜನಿಯಿಂದ ಪೈಪಿನಾಗ ಬರಬೇಕು. ಇಂಥ ಸ್ಥಾವರಗಳ ಕರಾರು ಹ್ಯಾಂಗ ಇರತದ ಗೊತ್ತೇನು? ಸ್ಥಾವರ ತಯಾರಾಗಿ ನಿಂತಿದ್ದರೆ ಸಾಕು, ಅದರ ಕರೆಂಟು ಕೊಂಡರೂ ಕೊಳ್ಳದಿದ್ದರೂ ಸ್ಥಿರ ವೆಚ್ಚ ಕೊಡಲೇಬೇಕು. ಬಾಡಿಗೆ ಎತ್ತು ಕೊಟ್ಟಿಗೆಯಾಗ ನಿಂತರೂ ಬಾಡಿಗೆ ತಪ್ಪಲಿಲ್ಲ. ಅದೂ ನಮ್ಮ ಬಿಲ್ಲಿನಾಗೇ ಬರತದ. ಆದರೆ ಅದರ ಬಗ್ಗೆ ಕಟ್ಟೆಯ ಮ್ಯಾಲ ಯಾರೂ ದನಿ ಎತ್ತುವುದಿಲ್ಲ.

ಇಷ್ಟು ಹೇಳಿ ನಾನು ಕಡ್ಡಾಯದ ಪರವಾಗಿ ನಿಂತೆ. ಇನ್ನು ಜಗಳ ಶುರು.

ಕಡ್ಡಾಯದ ಪಾಲನ್ನು ಮುಟ್ಟಿಸಲು ಕಂಪನಿಗಳಿಗೆ ಒಂದು ಹಿಂಬಾಗಿಲು ಇಟ್ಟಿದ್ದಾರೆ. ಅದರ ಹೆಸರು ಸರ್ಟಿಫಿಕೇಟ್. ಎಲ್ಲೋ ಒಬ್ಬ ಸಾವಿರ ಯೂನಿಟ್ ಸೋಲಾರ್ ಕರೆಂಟು ತಯಾರಿಸಿದರೆ ಅವನಿಗೆ ಒಂದು ಸರ್ಟಿಫಿಕೇಟ್ ಸಿಗುತ್ತದೆ. ಪಾಲು ಮುಟ್ಟದ ಕಂಪನಿ ಅದನ್ನು ಪೇಟೆಯಲ್ಲಿ ಕೊಂಡು ಲೆಕ್ಕಕ್ಕೆ ಹಚ್ಚಬಹುದು. 2011ರಿಂದ ಈ ವ್ಯಾಪಾರ ನಡೆದಿದೆ. ಅದು ಕಾಯ್ದೆಬದ್ಧವೇ. ಸರ್ಟಿಫಿಕೇಟ್ ಇಲ್ಲದೆ ದೂರದ ರಾಜ್ಯದಿಂದ ನಿಜವಾದ ಸೋಲಾರ್ ಕರೆಂಟು ಕೊಂಡರೂ ನಮ್ಮೂರಿನ ಮಟ್ಟಿಗೆ ಫಲ ಒಂದೇ. ಹಾಜರಿ ಪುಸ್ತಕದಾಗ ಹುಡುಗನ ಹೆಸರಿನ ಮುಂದ ಗುರುತು ಬಿದ್ದದ, ಬೆಂಚಿನ ಮ್ಯಾಲ ಹುಡುಗ ಇಲ್ಲ. ಮುಂಬಯಿಯ ಪುಸ್ತಕದಾಗ ಹಗಲು ತುಂಬಿ ತುಳುಕತದ, ಅಕ್ಕಲಕೋಟದ ಹೊಲದಾಗ ಮೋಟಾರ್ ಚಾಲೂ ಆಗೂದು ರಾತ್ರಿ.

ರಾತ್ರಿಯ ಮಾತು ಬಂತು, ಹೇಳಿಬಿಡುತ್ತೇನೆ. ನಮ್ಮ ಕಡಿ ಪಂಪಿನ ಮೂರು ಫೇಜ್ ಕರೆಂಟು ಪಾಳಿಯ ಮ್ಯಾಲ ಬರತದ: ಕೆಲವು ದಿನ ಹಗಲು 8 ತಾಸು, ಕೆಲವು ದಿನ ರಾತ್ರಿ 10 ತಾಸು. ರಾತ್ರಿ ಪಾಳಿ ಇದ್ದಾಗ ಮನೆಯ ಗಂಡಸು ಹನ್ನೊಂದಕ್ಕೆ ಎದ್ದು ಕಂಬಳಿ ಹೊದ್ದು, ಬ್ಯಾಟರಿ ಹಿಡಿದು ಹೊಲಕ್ಕೆ ಹೋಗುತ್ತಾನೆ. ನಮ್ಮಪ್ಪ ಹಂಗೇ ಹೋಗುತ್ತಿದ್ದ. ಅವ್ವ ಬೆಳತನಕ ಬಾಗಿಲ ಅಗಳಿ ಹಾಕುತ್ತಿರಲಿಲ್ಲ. ಅಪ್ಪ ಕೆಮ್ಮಿದ ಸಪ್ಪಳ ದಾರಿಯಾಗ ಕೇಳಿದ ಮ್ಯಾಲೇ ಕಣ್ಣು ಮುಚ್ಚುತ್ತಿದ್ದಳು. ಕಬ್ಬಿನ ಸಾಲಿನಾಗ ಕೊಳಕುಮಂಡಲ ಇರತದೋ, ಕಟ್ಟಹಾವು ಇರತದೋ, ಹಸಿ ಕಾಲಿಂದ ಸ್ಟಾರ್ಟರ್ ಮುಟ್ಟಿದರೆ ಏನಾಗತದೋ, ಇದು ಯಾರ ಲೆಕ್ಕದ ಪುಸ್ತಕದಾಗೂ ಇಲ್ಲ. ನಮಗೆ ಸೋಲಾರಿನ ಅರ್ಥ ಪರಿಸರ ಅಷ್ಟೇ ಅಲ್ಲ. ರೈತ ರಾತ್ರಿ ಮನೆಯಾಗ ಮಲಗೂದು ಅಂತ ಅದರ ಅರ್ಥ.

ಇದು ಆಗದ ಮಾತೂ ಅಲ್ಲ. ಮುಖ್ಯಮಂತ್ರಿ ಸೌರ ಕೃಷಿ ವಾಹಿನಿ ಯೋಜನೆ 2017ರಲ್ಲಿ ಶುರುವಾಗಿ, 2023ರಲ್ಲಿ ಎರಡನೇ ಸುತ್ತಿಗೆ ಬಂತು. ಸಬ್‌ಸ್ಟೇಷನ್ನಿನ ಹತ್ತಿರದಲ್ಲೇ ಸೋಲಾರ್ ಸ್ಥಾವರ ಹಾಕಿ, ಅಲ್ಲಿಂದಲೇ ಪಂಪಿನ ಫೀಡರಿಗೆ ಹಗಲಿನಾಗ ಕರೆಂಟು ಬಿಡುವುದು ಅದರ ಉದ್ದೇಶ. ಅದರ ದರ ಯೂನಿಟ್ಟಿಗೆ 3 ರೂಪಾಯಿ ಆಸುಪಾಸು. ಹೊಲ ಕೊಟ್ಟವರಿಗೆ ಹೆಕ್ಟೇರಿಗೆ ವರ್ಷಕ್ಕೆ 1,25,000 ರೂಪಾಯಿ ಬಾಡಿಗೆ, ಮೇಲೆ ವರ್ಷಕ್ಕೆ ನೂರಕ್ಕೆ 3ರಂತೆ ಏರಿಕೆ. ಇದರಿಂದ ಸೊಲ್ಲಾಪುರದ ಮಗ್ಗದವರಿಗೂ ಲಾಭ ಅದ. ಪಂಪಿನ ಕರೆಂಟಿನ ಖೋತಾ ತುಂಬಲು ಕಾರ್ಖಾನೆ, ಅಂಗಡಿಗಳ ಮ್ಯಾಲ ಹೆಚ್ಚಿನ ದರ ಹೇರುತ್ತಾರೆ. ಪಂಪಿಗೆ ಕೊಡುವ ಕರೆಂಟೇ ಅಗ್ಗವಾದರೆ ಆ ಖೋತಾ ಕಡಿಮೆ ಆಗತದ. ಚಾದರ ನೇಯುವವನೂ ಜೋಳ ಬಿತ್ತುವವನೂ ಒಬ್ಬರ ಮ್ಯಾಲ ಒಬ್ಬರು ಹರಿಹಾಯುವ ಕಾರಣ ಉಳಿಯುವುದಿಲ್ಲ.

ಹಂಗಾದರೆ ಕಾಯ್ದೆ ಇದಕ್ಕೆ ಎಷ್ಟು ಒತ್ತು ಕೊಟ್ಟಿದೆ? 2029-30ರ 43.33 ಪಾಲಿನಲ್ಲಿ, 10 ಮೆಗಾವ್ಯಾಟಿಗಿಂತ ಸಣ್ಣದಾದ, ಊರ ಹತ್ತಿರದ ಸ್ಥಾವರಗಳಿಗೆ ಕಡ್ಡಾಯ ಮಾಡಿದ್ದು ಬರೇ 4.5. ಉಳಿದದ್ದು ಎಲ್ಲಿಂದ ಬಂದರೂ ಆದೀತು. ನನ್ನ ಮುಖ್ಯ ತಕರಾರು ಇದೇ. ಆ ಸಣ್ಣ ಪಾಲನ್ನು ದೊಡ್ಡದು ಮಾಡಿರಿ. ಪಾಲು ಮುಟ್ಟಿತೋ ಇಲ್ಲವೋ ಅನ್ನುವುದನ್ನು ಕಂಪನಿಯ ಖರೀದಿ ಪುಸ್ತಕದಿಂದ ಅಷ್ಟೇ ನೋಡಬೇಡಿರಿ. ಎಷ್ಟು ಪಂಪಿನ ಫೀಡರುಗಳಿಗೆ ಹಗಲು 8 ತಾಸು ಕರೆಂಟು ಬಂತು ಅನ್ನುವುದನ್ನೂ ಅದರ ಜೋಡಿ ಅಳೆಯಿರಿ. ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿದಾಗ ನೀರು ಊರ ಮುಂದ ನಿಂತಿತ್ತು, ಕಾಗದದಾಗ ನಿಂತಿರಲಿಲ್ಲ.

ಎರಡನೇ ತಕರಾರು ನೆಲದ್ದು. ಖಾಸಗಿ ಹೊಲಕ್ಕೆ ಬಾಡಿಗೆ ಉಂಟು. ಗಾಯರಾನಕ್ಕೆ ಸ್ಥಾವರ ಬಂದರೆ? ಗಾಯರಾನದ ಸಾತಬಾರಾದ ಮ್ಯಾಲ ಸರ್ಕಾರದ ಹೆಸರು ಇರಬಹುದು. ಆದರೆ ಅಲ್ಲಿ ಮೇಯುವ ಕುರಿ, ದನ ಯಾರವು? ಹೊಲ ಇಲ್ಲದವರವು. ಊರ ಸಾರ್ವಜನಿಕ ನೆಲವನ್ನು ಕಾಪಾಡಬೇಕು ಅಂತ ಸುಪ್ರೀಂ ಕೋರ್ಟು 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲಾ ರಾಜ್ಯಗಳಿಗೂ ಹೇಳಿದೆ. ಸ್ಥಾವರ ಬಂದ ಗ್ರಾಮಪಂಚಾಯತಿಗೆ ಮೂರು ವರ್ಷ, ವರ್ಷಕ್ಕೆ 5 ಲಕ್ಷ ರೂಪಾಯಿ ಅನುದಾನ ಉಂಟು, ಖರೆ. ಆದರೆ ಸ್ಥಾವರ ಇರುವುದು ಮೂರು ವರ್ಷ ಅಲ್ಲ, ಒಂದು ತಲೆಮಾರು. ತುಮಕೂರು ಜಿಲ್ಲೆಯ ಪಾವಗಡದಾಗ ಸುಮಾರು 13,000 ಎಕರೆ ಮ್ಯಾಲ 2050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಆಯಿತು. ಬರಗಾಲದ ನೆಲದ ಒಡೆಯರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ ಶುರುವಾಯಿತು. ಅವರಿಗೆ ಅದು ದೊಡ್ಡ ಆಧಾರ. ಆದರೆ ಬಾಡಿಗೆ ಕರಾರು ನೆಲದ ಒಡೆಯನ ಜೋಡಿ ಆಗತದ. ಅದೇ ಹೊಲದಾಗ ಕಳೆ ಕೀಳುತ್ತಿದ್ದ ಹೆಣ್ಣುಮಗಳ ಹೆಸರು ಅದರಾಗ ಇರೂದಿಲ್ಲ. ನಮ್ಮೂರಾಗ ಗಾಯರಾನ ಕೊಡುವ ಮೊದಲು ಗ್ರಾಮಸಭೆಯಲ್ಲಿ ಕುರಿಯವರೂ ಕೂಲಿಯವರೂ ಕೈ ಎತ್ತಬೇಕು. ಅವರಿಗೆ ಬದಲಿ ನೆಲ ತೋರಿಸದೆ ಒಂದು ಕಂಬವನ್ನೂ ನೆಡಬಾರದು.

ಮೂರನೆಯದು ಹೇಳಿದರೆ ಕೆಲವರಿಗೆ ಸಿಟ್ಟು ಬರಬಹುದು. ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆ ಸುಟ್ಟು ತಯಾರಿಸುವ ಕರೆಂಟೂ ಈ ಕಡ್ಡಾಯದ ಲೆಕ್ಕಕ್ಕೆ ಹಿಡಿಯುತ್ತದೆ. ಸಿಪ್ಪೆ ಸುಡುವುದು ಕಲ್ಲಿದ್ದಲು ಸುಡುವುದಕ್ಕಿಂತ ಮೇಲೇ. ಆದರೆ ಮಳೆ ಕಡಿಮೆ ಇರುವ ನಮ್ಮ ಜಿಲ್ಲೆಯಾಗ ಆ ಕಬ್ಬು ಕುಡಿದ ಉಜನಿಯ ನೀರನ್ನು ಯಾರು ಎಣಿಸಬೇಕು? ಅಕ್ಕಲಕೋಟದ ಕೊನೆಯ ಊರಿನವ ಕೊಡ ಹಿಡಿದು ಟ್ಯಾಂಕರಿನ ದಾರಿ ಕಾಯುವಾಗ, "ಇದು ಹಸಿರು ಕರೆಂಟು" ಅಂತ ಅವನಿಗೆ ಯಾವ ಬಾಯಿಂದ ಹೇಳೋಣ? ಕಬ್ಬು ಬೆಳೆಯುವವರಲ್ಲಿ ನಾನೂ ಒಬ್ಬ. ಅದಕ್ಕೇ ಈ ಮಾತು ಹೇಳುವ ಹಕ್ಕು ನನಗದ ಅಂತ ತಿಳಿದೇನಿ.

ಈಗ ಮಾಡುವುದೇನು? ದರ ಗೊತ್ತುಮಾಡುವ ಮೊದಲು ಅರ್ಜಿಯನ್ನು ಪ್ರಕಟಿಸಿ, ಜನರ ಆಕ್ಷೇಪಣೆ ಕೇಳಿ, ಅವನ್ನು ಪರಿಗಣಿಸಬೇಕು ಅಂತ ಅದೇ ಕಾಯ್ದೆಯ 64ನೇ ಕಲಮು ಹೇಳುತ್ತದೆ. ಆ ಪ್ರಕಟಣೆ ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಬರುತ್ತದೆ. ನಮ್ಮ ಅವ್ವ-ಅಕ್ಕಂದಿರಿಗೆ ಓದಲು ಬರುವುದು ಕನ್ನಡ. ಕನ್ನಡ ಸಾಲಿಯ ಮಾಸ್ತರರಿಗೆ ನನ್ನ ವಿನಂತಿ ಇದೆ: ಪ್ರಕಟಣೆ ಬಂದಾಗ ಅದರ ಮುಖ್ಯ ಮಾತುಗಳನ್ನು ಕನ್ನಡದಾಗ ಬರೆದು ವಾಚನಾಲಯದ ಹಲಗೆಗೆ ಹಚ್ಚಿರಿ. ಕಟ್ಟೆಯ ಮ್ಯಾಲ ಕೂಡುವ ಎರಡೂ ಪಕ್ಷದವರಿಗೆ ಇನ್ನೊಂದು ವಿನಂತಿ: ವಾಚನಾಲಯದ ಮೇಜಿನ ಮ್ಯಾಲ ಒಂದು ನೂರು ಪುಟದ ನೋಟುಬುಕ್ಕು ಇಡೋಣ. ಯಾವ ದಿನ, ಯಾವ ಫೀಡರಿಗೆ, ಎಷ್ಟು ಗಂಟೆಗೆ ಕರೆಂಟು ಬಂತು, ಎಷ್ಟಕ್ಕೆ ಹೋಯಿತು, ಹೊಲದಿಂದ ಬಂದವರು ಬರೆದು ಹೋಗಲಿ. ಬರೆಯಲು ಬಾರದವರು ಹೇಳಲಿ, ಸಾಲಿ ಹುಡುಗರು ಬರೆಯಲಿ. ಆರು ತಿಂಗಳ ಆ ಬರಹವನ್ನು ಗ್ರಾಮಸಭೆಯ ಠರಾವಿನ ಜೋಡಿ ಆಯೋಗಕ್ಕೆ ಕಳಿಸೋಣ. ಅವರ ಪುಸ್ತಕದಾಗಿನ ಹಗಲು ಮತ್ತು ನಮ್ಮ ಪುಸ್ತಕದಾಗಿನ ಹಗಲು ಎರಡೂ ತಾಳೆ ಆಗತಾವೋ ಇಲ್ಲೋ, ಅವರೇ ನೋಡಿ ಹೇಳಲಿ.

ನೋಟುಬುಕ್ಕು ನಾನು ತರುತ್ತೇನೆ. ಪೆನ್ನು ಯಾರಾದರೂ ತರಿರಿ.