ಸೇವೆಯ ಷರತ್ತಿರಲಿ, ಮೂಲ ಅಂಕಪಟ್ಟಿ ಒತ್ತೆ ಬೇಡ



ಬಿ.ಎಸ್ಸಿ. ನರ್ಸಿಂಗ್‌ಗೆ ಸರ್ಕಾರಿ ಸೀಟು ಸಿಗದಿದ್ದರೆ ನಾಲ್ಕು ವರ್ಷದ ಶುಲ್ಕ, ಹಾಸ್ಟೆಲ್ ಖರ್ಚಿಗೆ ನಮ್ಮ ಭಾಗದ ರೈತರು ಹೊಲ ಅಡವಿಡಬೇಕಾಗುತ್ತದೆ. ಇಂಥವರಿಗೆ ಕೆಲವು ಖಾಸಗಿ ಆಸ್ಪತ್ರೆಗಳು ‘ಶುಲ್ಕ ನಾವು ಕಟ್ಟುತ್ತೇವೆ, ಓದು ಮುಗಿದ ಮೇಲೆ ನಮ್ಮಲ್ಲೇ ದುಡಿಯಬೇಕು’ ಎನ್ನುತ್ತವೆ. ನಮ್ಮ ಓಣಿಯ ಹುಡುಗಿಯೊಬ್ಬಳು ಹೀಗೆಯೇ ಸೇರಿದಳು. ಸಹಿ ಹಾಕಿಸಿಕೊಂಡ ಬಾಂಡ್ ಪೇಪರಿನಲ್ಲಿ ಸಂಬಳದ ಜಾಗ ಖಾಲಿ ಇತ್ತು. ಅವಳ ಎಸ್ಸೆಸ್ಸೆಲ್ಸಿ, ಪಿಯು ಅಂಕಪಟ್ಟಿಗಳ ಮೂಲ ಪ್ರತಿಗಳು ಈಗಲೂ ಆಸ್ಪತ್ರೆಯ ಬೀರುವಿನಲ್ಲಿವೆ. ಬೇರೆ ಕೆಲಸಕ್ಕೆ ಆಯ್ಕೆಯಾದರೂ ದಾಖಲೆ ಪರಿಶೀಲನೆಗೆ ಅವಳು ಏನು ತೋರಿಸಬೇಕು? ಬಾಂಡ್ ಪದ್ಧತಿ ಬೇಡವೆಂದು ಭಾರತೀಯ ನರ್ಸಿಂಗ್ ಪರಿಷತ್ತು ಹಿಂದೆಯೇ ಹೇಳಿದೆ, ಕೇಳುವವರಿಲ್ಲ.

ಸೇವೆಯ ಷರತ್ತೇ ತಪ್ಪೆಂದು ನಾನು ಹೇಳುತ್ತಿಲ್ಲ. ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆಯೂ ಸೇರಿದಂತೆ ಸೇನೆಯ ನರ್ಸಿಂಗ್ ಕಾಲೇಜುಗಳಲ್ಲಿ ಊಟ, ವಸತಿ ಉಚಿತ, ಸ್ಟೈಪೆಂಡ್ ಕೂಡ ಉಂಟು. ಪ್ರತಿಯಾಗಿ ಮಿಲಿಟರಿ ನರ್ಸಿಂಗ್ ಸೇವೆಯಲ್ಲಿ ನಿಗದಿತ ಅವಧಿಗೆ ದುಡಿಯಬೇಕು, ಅದೂ ಅಧಿಕಾರಿಯ ದರ್ಜೆಯಲ್ಲಿ. ಷರತ್ತು ಮೊದಲೇ ಗೊತ್ತಿರುತ್ತದೆ.

ರಾಜ್ಯ ಸರ್ಕಾರವೂ ಇಂಥದ್ದೊಂದು ವಿದ್ಯಾರ್ಥಿವೇತನ ಆರಂಭಿಸಲಿ. ಶುಲ್ಕ ಭರಿಸಿ, ಓದಿದವರನ್ನು ಅವರದೇ ತಾಲ್ಲೂಕಿನ ಆಸ್ಪತ್ರೆಗೆ ಪೂರ್ಣ ವೇತನದ ಮೇಲೆ ನೇಮಿಸಲಿ. ಮದುವೆ, ಅನಾರೋಗ್ಯದಿಂದ ನಡುವೆ ಬಿಟ್ಟವರು ಉಳಿದ ಅವಧಿಯ ಹಣವನ್ನಷ್ಟೇ ಕಂತಿನಲ್ಲಿ ಕಟ್ಟುವಂತಿರಲಿ. ಅದಕ್ಕೂ ಮೊದಲು, ಮೂಲ ದಾಖಲೆ ಹಿಡಿದಿಟ್ಟುಕೊಂಡಿರುವ ಸಂಸ್ಥೆಗಳ ಮೇಲೆ ವೈದ್ಯಕೀಯ ಶಿಕ್ಷಣ ಇಲಾಖೆ ಕೂಡಲೇ ಕ್ರಮ ಕೈಗೊಳ್ಳಬೇಕೆಂದು ವಿನಂತಿ.

– ಓರ್ವ ಪೋಷಕ, ಸಿಂಧನೂರು