ಡಿಸ್ಚಾರ್ಜ್ ಆದ ಮೇಲೆ ಯಾರು ಬರುತ್ತಾರೆ?

ಅಪಘಾತವಾದ ಮನೆಯವರನ್ನು ನಾವು ನೋಡಲು ಹೋಗುವುದು ತಪ್ಪು ಹೊತ್ತಿನಲ್ಲಿ. ಮೊದಲ ವಾರ ಐಸಿಯು ಬಾಗಿಲ ಮುಂದೆ ನಿಲ್ಲಲು ಜಾಗವಿರುವುದಿಲ್ಲ. ಗಾಯಾಳುವನ್ನು ಮನೆಗೆ ತಂದು ಮಲಗಿಸಿ ಮೂರು ತಿಂಗಳಾಗುವಷ್ಟರಲ್ಲಿ ಆ ಮನೆಯತ್ತ ಸುಳಿಯುವವರೇ ಇರುವುದಿಲ್ಲ. ಆ ಹೊತ್ತಿಗೆ ಕೈಯಲ್ಲಿ ಕಾಸಿಲ್ಲ, ಮೈಯಲ್ಲಿ ಕಸುವಿಲ್ಲ, ಕೆಲಸ ಮಾತ್ರ ಆಗಷ್ಟೇ ಶುರುವಾಗಿರುತ್ತದೆ.

ನನ್ನ ತಂಗಿಯ ಗಂಡನಿಗೆ ಅಪಘಾತವಾದದ್ದು ರಾಷ್ಟ್ರೀಯ ಹೆದ್ದಾರಿ 48ರಲ್ಲಿ, ಹಿರಿಯೂರು ದಾಟಿದ ಮೇಲೆ. ಬೆಳಗಿನ ಜಾವ, ಕೆಟ್ಟು ನಿಂತ ಲಾರಿ, ಹಿಂದೆ ದೀಪವಿಲ್ಲ, ರಿಫ್ಲೆಕ್ಟರ್ ಪಟ್ಟಿಯೂ ಇಲ್ಲ. ಕಾರಿನ ಮೂತಿ ಲಾರಿಯಡಿಗೆ ಹೊಕ್ಕಿತ್ತು. ತೊಡೆಯ ಮೂಳೆ ಮುರಿದಿತ್ತು, ತಲೆಗೆ ಬಲವಾದ ಪೆಟ್ಟು ಬಿದ್ದಿತ್ತು. ಚಳ್ಳಕೆರೆಯಲ್ಲಿ ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟುಕೊಂಡು ಸುತ್ತಲ ಹಳ್ಳಿಯ ರೈತರಿಗೆಲ್ಲ ಬೇಕಾಗಿದ್ದ ಮನುಷ್ಯ. ಹಾಗಾಗಿ ಜನಕ್ಕೇನೂ ಕೊರತೆಯಿರಲಿಲ್ಲ. ಬೆಂಗಳೂರಿನ ಆಸ್ಪತ್ರೆಗೆ ವ್ಯಾನು ಮಾಡಿಕೊಂಡು ಬಂದರು. ಸೇಬು, ಮೂಸಂಬಿ, ಹಾರ್ಲಿಕ್ಸ್ ಬಾಟಲಿ. ಗಾಯಾಳುವಿಗೆ ಮೂಗಿನ ನಳಿಕೆಯಲ್ಲಿ ಆಹಾರ ಹೋಗುತ್ತಿತ್ತು. ಹೊರಗೆ ಕೂತ ತಂಗಿಗೆ ಬೇಕಿದ್ದದ್ದು ಒಂದು ತಟ್ಟೆ ಬಿಸಿ ಅನ್ನ ಮತ್ತು ಸ್ನಾನ ಮಾಡಲು ಒಂದು ಕೋಣೆ.

ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ: "ಹೆಂಗಾಯ್ತಮ್ಮ?" ಅವಳು ಮೊದಲಿಂದ ಹೇಳಬೇಕು. ಹೇಳಿ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಲಿಫ್ಟಿನಿಂದ ಇನ್ನೊಂದು ಗುಂಪು. ಆಮೇಲೆ ವಿಚಾರಣೆ. ಬೆಲ್ಟ್ ಹಾಕಿರಲಿಲ್ವಾ? ಅಷ್ಟೊತ್ತಿಗ್ಯಾಕೆ ಹೊರಟ? ನೀನಾದ್ರೂ ತಡೀಬಾರದಿತ್ತಾ? ಒಬ್ಬ ಹಿರಿಯರು ಜಾತಕ ತೋರಿಸಿದ್ದೀರಾ ಎಂದು ಕೇಳಿದರು. ಅವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ಆದರೆ ಗಂಡ ವೆಂಟಿಲೇಟರ್ ಮೇಲಿರುವಾಗ ಹೆಂಡತಿಯಿಂದ ಉತ್ತರ ಕೇಳುವುದು ಕ್ರೂರ, ಮನಸ್ಸು ಎಷ್ಟೇ ಒಳ್ಳೆಯದಿರಲಿ. ಅಂಥ ಮನೆಗೆ ಹೋದಾಗ ಅಪಘಾತ ಹೇಗಾಯಿತೆಂದು ಕೇಳಲೇಬೇಡಿ. ಊಟ ಆಯ್ತಾ ಎಂದು ಕೇಳಿ. ಆಗಿರುವುದಿಲ್ಲ. ಮಾಡಿಸಿ.

ನೆರವು ಅಂದರೆ ಏನೆಂದು ನಾನು ಆ ದಿನಗಳಲ್ಲಿ ಕೆಲವರನ್ನು ನೋಡಿ ಕಲಿತೆ. ನರ್ಸಿಂಗ್ ಓದುತ್ತಿದ್ದ ನಮ್ಮ ಸಂಬಂಧಿ ಹುಡುಗನೊಬ್ಬ ಎರಡು ರೂಲಿನ ನೋಟ್‌ಬುಕ್ ತಂದು, ವೈದ್ಯರು ಹೇಳಿದ್ದನ್ನೆಲ್ಲ ದಿನಾಂಕ ಹಾಕಿ ಬರೆದಿಡತೊಡಗಿದ. ವೈದ್ಯರು "ಜಿಸಿಎಸ್ ಆರು" ಎಂದು ಹೇಳಿ ಹೊರಟುಹೋಗುತ್ತಿದ್ದರು. ಅದು ಪ್ರಜ್ಞೆಯ ಮಟ್ಟ ಅಳೆಯುವ ಗ್ಲಾಸ್ಗೋ ಮಾಪನ, ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲು ಆಡಿಸುವುದಕ್ಕೆ 6, ಒಟ್ಟು 15, ಏನೂ ಪ್ರತಿಕ್ರಿಯೆ ಇಲ್ಲದವರಿಗೂ 3 ಎಂದು ಅವನು ಬಿಡಿಸಿ ಹೇಳಿದ ಮೇಲೆ ತಂಗಿಗೆ ಹಿಡಿದುಕೊಳ್ಳಲು ಏನೋ ಒಂದು ಸಿಕ್ಕಿತು. ಆರು ಏಳಾದ ದಿನ ಅವಳು ತಾನಾಗಿ ಕಾಫಿ ಕೇಳಿದಳು. ಊರಲ್ಲಿ ಗಂಡನ ಗೆಳೆಯನೊಬ್ಬ ದಿನಾ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು, ಕೆಲಸದ ಹುಡುಗನ ಜೊತೆ ಕೂತು, ರೈತರು ಬಿಟ್ಟುಹೋಗಿದ್ದ ಮೋಟಾರುಗಳನ್ನು ಮುಗಿಸಿ ಕೊಡಿಸಿದ. ಎದುರು ಮನೆಯ ಟೀಚರ್, ಎಸ್‌ಎಸ್‌ಎಲ್‌ಸಿ ಓದುತ್ತಿದ್ದ ಮಗಳನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಏನಾದರೂ ಬೇಕಿದ್ದರೆ ಹೇಳಿ ಅನ್ನದೆ, ತಮ್ಮ ಕೈಲಾಗುವ ಒಂದು ಕೆಲಸವನ್ನು ತಾವೇ ಹುಡುಕಿಕೊಂಡು ಕೈಬಿಡದೆ ಮಾಡಿದವರು ಇವರು.

ಕಾಗದಪತ್ರದ ಹೊಣೆಯನ್ನೂ ಯಾರಾದರೊಬ್ಬರು ಹೊರಬೇಕು. ಎಫ್‌ಐಆರ್ ಪ್ರತಿ, ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಮ್ಮರಿ, ಆಂಬುಲೆನ್ಸ್ ರಸೀದಿಯಿಂದ ಹಿಡಿದು ಹತ್ತಿ ಕೊಂಡ ಬಿಲ್ಲಿನವರೆಗೆ ಎಲ್ಲವೂ ಒಂದೇ ಫೈಲಿನಲ್ಲಿರಬೇಕು. ಆಸ್ಪತ್ರೆಯ ಕಾರಿಡಾರಿಗೇ ಬಂದು ಖಾಲಿ ವಕಾಲತ್ತಿಗೆ ಸಹಿ ಕೇಳುವ ದಲ್ಲಾಳಿಗಳಿದ್ದಾರೆ. ನಿದ್ದೆಗೆಟ್ಟವಳಿಂದ ಸಹಿ ಹಾಕಿಸಿಕೊಳ್ಳುವುದು ಸುಲಭ. ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ಪರಿಹಾರದ ಅರ್ಜಿಯನ್ನು ಅಪಘಾತವಾದ ಜಾಗದ ನ್ಯಾಯಮಂಡಳಿಯಲ್ಲೇ ಹಾಕಬೇಕೆಂದಿಲ್ಲ, ಅರ್ಜಿದಾರರು ವಾಸವಿರುವ ಕಡೆಯ ನ್ಯಾಯಮಂಡಳಿಯಲ್ಲೂ ಹಾಕಬಹುದು. 2019ರ ತಿದ್ದುಪಡಿ ಅರ್ಜಿಗೆ ಆರು ತಿಂಗಳ ಗಡುವು ಹಾಕಿದೆ. ಆ ಗಡುವನ್ನು ಪ್ರಶ್ನಿಸಿದ ಮೊಕದ್ದಮೆಗಳು ಸುಪ್ರೀಂ ಕೋರ್ಟ್ ಮೆಟ್ಟಿಲೇರಿವೆ, ಆದರೂ ಅದನ್ನು ನಂಬಿ ತಡಮಾಡುವುದು ಬೇಡ. 2025ರಿಂದ ಕೇಂದ್ರ ಸರ್ಕಾರದ ನಗದುರಹಿತ ಚಿಕಿತ್ಸಾ ಯೋಜನೆಯೂ ಇದೆ: ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನ, ಒಂದೂವರೆ ಲಕ್ಷ ರೂಪಾಯಿವರೆಗೆ. ಇದನ್ನೆಲ್ಲ ವಿಚಾರಿಸಲು ಗಾಯಾಳುವಿನ ಹೆಂಡತಿಗೆ ತಲೆ ಓಡುವುದಿಲ್ಲ. ನಿಮಗೆ ಓಡುತ್ತದೆ.

ಇಷ್ಟಾದರೂ ಇದೆಲ್ಲ ಆಸ್ಪತ್ರೆಯ ಕಥೆ. ಡಿಸ್ಚಾರ್ಜ್ ಆದ ದಿನ ಊರಿನವರೆಲ್ಲ ಗೆದ್ದೆವು ಅಂದುಕೊಂಡರು, ದೇವಸ್ಥಾನದಲ್ಲಿ ಪೂಜೆಯಾಯಿತು. ತಂಗಿಯ ಪಾಲಿಗೆ ಅಂದೇ ರಾತ್ರಿ ಬೇರೆ ಬದುಕು ಮೊದಲಾಯಿತು. ಬೆನ್ನಿಗೆ ಹಾಸಿಗೆ ಹುಣ್ಣು ಆಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಗಂಟಲಿನ ರಂಧ್ರದ ನಳಿಕೆಯನ್ನು ಶುಚಿ ಮಾಡಬೇಕು. ಮೂಗಿನ ನಳಿಕೆಯಲ್ಲಿ ಗಂಜಿ, ಪುಡಿಮಾಡಿದ ಮಾತ್ರೆ. ಫಿಸಿಯೋಥೆರಪಿಯವರು ಬರುವ ದಿನ ಸರಿ, ಬಾರದ ದಿನ ಕೈಕಾಲು ಮಡಿಸಿ ಬಿಡಿಸುವುದೂ ಅವಳೇ. ಆಸ್ಪತ್ರೆಯಲ್ಲಿ ಮೂರು ಪಾಳಿಯ ದಾದಿಯರು ಮಾಡುತ್ತಿದ್ದದ್ದನ್ನು ಮನೆಯಲ್ಲಿ ಒಬ್ಬ ಹೆಂಗಸು ಮಾಡಬೇಕಾಯಿತು.

ಅದಕ್ಕಿಂತ ಭಾರವಾದದ್ದು ಗಂಡ ಎದ್ದು ಕೂತ ಮೇಲೆ ಬಂತು. ತಲೆಗೆ ಪೆಟ್ಟು ಬಿದ್ದವರ ಸ್ವಭಾವ ಬದಲಾಗಬಹುದು. ಮಿದುಳಿನ ಮುಂಭಾಗಕ್ಕೆ ಏಟಾದರೆ ಸಿಟ್ಟಿಗೆ ಕಡಿವಾಣವಿರುವುದಿಲ್ಲ, ಮಾತಿಗೆ ಹದವಿರುವುದಿಲ್ಲ, ಈಗ ಹೇಳಿದ್ದು ಈಗಲೇ ಮರೆಯುತ್ತದೆ. ಎಂದೂ ದನಿ ಎತ್ತದಿದ್ದ ಮನುಷ್ಯ ತಟ್ಟೆ ಎಸೆದರು, ಮಗಳ ಮುಂದೆ ಆಡಬಾರದ ಮಾತಾಡಿದರು, ಐದು ನಿಮಿಷದ ಮೇಲೆ ಊಟ ಕೊಡಲೇ ಇಲ್ಲವೆಂದು ಅತ್ತರು. ನೋಡಲು ಬಂದವರ ಮುಂದೆ ಮಾತ್ರ ನಗುನಗುತ್ತಾ ನಾಲ್ಕು ಮಾತು. ಅವರು "ಚೆನ್ನಾಗೇ ಇದ್ದಾನಲ್ಲಮ್ಮ, ದೇವರು ದೊಡ್ಡವನು" ಎಂದು ಹೊರಡುವರು. ಒಳಗಿನದನ್ನು ಹೇಳಿಕೊಂಡರೆ ಗಂಡನ ಮೇಲೆ ದೂರು ಹೇಳಿದಂತಾಗುತ್ತದೆಂದು ಅವಳು ಬಾಯಿ ಬಿಡುತ್ತಿರಲಿಲ್ಲ. ನಿಮ್ಹಾನ್ಸ್‌ನ ಪುನಶ್ಚೇತನ ವಿಭಾಗಕ್ಕೆ ಕರೆದೊಯ್ದ ಮೇಲೆಯೇ ಇದು ಹಟವಲ್ಲ, ಗಾಯದ ಭಾಗ ಎಂಬುದು ಮನೆಮಂದಿಗೆ ತಿಳಿದದ್ದು. ಆರೈಕೆ ಮಾಡುವವರಿಗೂ ಮನಸ್ಸು ಕುಸಿಯುತ್ತದೆ. ಅವರಿಗೆಂದೂ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಹಗಲಿರುಳೂ ಸಿಗುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಈ ಆರೈಕೆಗೆ ಬೆಲೆಯಿದೆ ಎಂಬುದನ್ನು ನ್ಯಾಯಾಲಯ ಒಪ್ಪಿದೆ. 2020ರಲ್ಲಿ ಕಾಜಲ್ ಪ್ರಕರಣದಲ್ಲಿ, ಅಪಘಾತದಿಂದ ಮಿದುಳಿಗೆ ಶಾಶ್ವತ ಹಾನಿಯಾದ ಬಾಲಕಿಯ ಆರೈಕೆಗೆ ಹಗಲಿಗೊಬ್ಬರು, ರಾತ್ರಿಗೊಬ್ಬರು ಬೇಕೆಂದು ಲೆಕ್ಕ ಹಿಡಿದು, ವರ್ಷಗಟ್ಟಲೆಯ ವೆಚ್ಚವನ್ನು ಸುಪ್ರೀಂ ಕೋರ್ಟ್ ಪರಿಹಾರದಲ್ಲಿ ಸೇರಿಸಿತು. ನೆಂಟರಿಷ್ಟರಾದ ನಾವು ಮಾತ್ರ ಅದನ್ನು ಹೆಂಡತಿಯ ಕರ್ತವ್ಯ, ತಾಯಿಯ ಕರುಳು ಎಂದು ಹೊಗಳಿ ಕೈತೊಳೆದುಕೊಳ್ಳುತ್ತೇವೆ. ಹೊಗಳಿಕೆಯಿಂದ ಯಾರಿಗೂ ನಿದ್ದೆ ಸಿಗುವುದಿಲ್ಲ. ತಂಗಿಗೆ ನಿದ್ದೆ ಕೊಟ್ಟದ್ದು ಗಂಡನ ತಮ್ಮ. ಪ್ರತಿ ಶನಿವಾರ ರಾತ್ರಿ ಬಂದು, ಅಣ್ಣನ ಪಕ್ಕದಲ್ಲಿ ಚಾಪೆ ಹಾಸಿ, ಅವಳನ್ನು ಒಳಕೋಣೆಗೆ ಕಳಿಸಿ ಬಾಗಿಲು ಮುಚ್ಚಿಸುತ್ತಿದ್ದ. ಆ ಮನೆಗೆ ಬಂದ ನೆರವಿನಲ್ಲೆಲ್ಲ ದೊಡ್ಡದು ಅದೇ ಎಂದು ನಾನು ಎಣಿಸುತ್ತೇನೆ.

ದೇಶದಲ್ಲಿ 2022ರ ಒಂದೇ ವರ್ಷ ರಸ್ತೆ ಅಪಘಾತಗಳಲ್ಲಿ ಗಾಯಗೊಂಡವರು 4,43,366 ಮಂದಿ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ ಕೆಲವರಾದರೂ ನಿಮ್ಮ ಬೀದಿಯಲ್ಲಿ, ನಿಮ್ಮ ಬಳಗದಲ್ಲಿ ಇದ್ದಾರೆ. ಕಳೆದ ವರ್ಷವೋ ಅದರ ಹಿಂದಿನ ವರ್ಷವೋ ನೀವು ಆಸ್ಪತ್ರೆಗೆ ಹೋಗಿ ನೋಡಿ ಬಂದ ಆ ಮನೆಯನ್ನು ನೆನಪು ಮಾಡಿಕೊಳ್ಳಿ. ಈ ಭಾನುವಾರ ಹೋಗಿ. ಹಣ್ಣು ಬೇಡ. ಅರ್ಧ ದಿನ ಗಾಯಾಳುವಿನ ಪಕ್ಕದಲ್ಲಿ ಕೂತು, ನೋಡಿಕೊಳ್ಳುವವರನ್ನು ಮಲಗಲು ಕಳಿಸಿ. ಮುಂದಿನ ಭಾನುವಾರವೂ ಹೋಗಿ.