ಲೆಕ್ಕಕ್ಕೆ ಬಾರದ ಸಾಸಿವೆ ಸಾಲು

ಕೊತ್ತಗೆರೆಯ ಆಸುಪಾಸಿನ ಅಡುಗೆಮನೆಗಳಲ್ಲಿ ಸಾಸಿವೆ ಇಂದಿಗೂ ಒಗ್ಗರಣೆಯಲ್ಲಿ ಸಿಡಿಯುತ್ತದೆ. ಆದರೆ ಅದು ಬಹುಪಾಲು ಅಂಗಡಿಯ ಪೊಟ್ಟಣದಿಂದ ಬಂದದ್ದೇ ಹೊರತು ಮನೆಯ ಹೊಲದಿಂದಲ್ಲ. ಕುಣಿಗಲ್ಲು, ಗುಬ್ಬಿ ಸೀಮೆಯ ರಾಗಿ ಹೊಲವು ಹಿಂದೆ ಬರಿಯ ರಾಗಿಯ ಹೊಲವಾಗಿರಲಿಲ್ಲ. ಮುಂಗಾರಿನಲ್ಲಿ ಕೂರಿಗೆಯಿಂದ ರಾಗಿ ಬಿತ್ತುವಾಗ ಹಿಂದೆ ಸಡ್ಡೆ ಕಟ್ಟಿ, ಕೆಲವು ಸಾಲಿಗೊಂದರಂತೆ ಅಕ್ಕಡಿ ಕಾಳು ಬಿಡುವುದು ವಾಡಿಕೆಯಾಗಿತ್ತು. ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಸಾಸಿವೆ ಆ ಸಾಲುಗಳಲ್ಲಿರುತ್ತಿದ್ದವು, ಅಂಚಿನಲ್ಲಿ ಹರಳು. ಸಾಸಿವೆ ಸುಮಾರು ಮೂರು ತಿಂಗಳಿಗೇ ಬಲಿತು ರಾಗಿಗಿಂತ ಮೊದಲು ಮನೆ ಸೇರುತ್ತಿತ್ತು. ಎಣ್ಣೆಗೆ ಹುಚ್ಚೆಳ್ಳು, ದೀಪಕ್ಕೆ ಹರಳು, ಒಗ್ಗರಣೆಗೂ ಉಪ್ಪಿನಕಾಯಿಗೂ ಸಾಸಿವೆ. ಇವಾವುವೂ ರೈತನ ಲೆಕ್ಕದಲ್ಲಿ ಬೆಳೆಗಳಲ್ಲ, ರಾಗಿಯ ಜೊತೆಗಾರರು ಮಾತ್ರ. ಸರ್ಕಾರದ ಲೆಕ್ಕದಲ್ಲಿಯೂ ಅವು ಬೆಳೆಗಳಾಗಲಿಲ್ಲವೆಂಬುದೇ ಇಂದಿನ ಕಷ್ಟದ ಮೂಲ.

ದೇಶದ ಮಟ್ಟದಲ್ಲಿ ಸಾಸಿವೆಯ ಕಥೆ ಬೇರೆಯೇ ಆಗಿದೆ. ಸಾಸಿವೆಯನ್ನೂ ಅದರ ದಾಯಾದಿಗಳಾದ ತೋರಿಯಾ ಮುಂತಾದವನ್ನೂ ಒಟ್ಟುಗೂಡಿಸಿದರೆ 2023-24ರಲ್ಲಿ ಭಾರತದ ಉತ್ಪಾದನೆ 130 ಲಕ್ಷ ಟನ್ನುಗಳನ್ನು ದಾಟಿತು. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ರಾಜಸ್ಥಾನವೊಂದರದೇ. ಅಲ್ಲಿ ಅದು ಹಿಂಗಾರಿನ ಬೆಳೆ. ದೀರ್ಘವಾದ ಚಳಿ, ಒಂದೆರಡು ನೀರು ಅದಕ್ಕೆ ಸಾಕು. ಅಂಥ ಚಳಿಗಾಲವಿಲ್ಲದ ತುಮಕೂರಿನ ಕೆಂಪು ಮಣ್ಣಿನಲ್ಲಿ ಸಾಸಿವೆಯನ್ನು ತನಿಬೆಳೆಯಾಗಿಸಿ ಎಣ್ಣೆ ತೆಗೆಯಹೊರಡುವುದು ವಿವೇಕವಲ್ಲ. ಈ ಸೀಮೆಗೆ ಒಗ್ಗಿದ್ದು ಸಾಲಿನ ಸಾಸಿವೆಯೇ.

1986ರಲ್ಲಿ ಆರಂಭವಾದ ಎಣ್ಣೆಕಾಳು ತಂತ್ರಜ್ಞಾನ ಮಿಷನ್ 'ಹಳದಿ ಕ್ರಾಂತಿ'ಯೆಂದು ಹೆಸರಾಯಿತು. ತೊಂಬತ್ತರ ದಶಕದ ಮೊದಲಲ್ಲಿ ದೇಶ ಖಾದ್ಯತೈಲದಲ್ಲಿ ಸ್ವಾವಲಂಬನೆಯ ಹತ್ತಿರ ಬಂದಿತ್ತು. 1994ರ ನಂತರ ಆಮದಿನ ಬಾಗಿಲು ಹಂತಹಂತವಾಗಿ ತೆರೆಯಿತು. ಇಂದು ದೇಶ ಬಳಸುವ ಖಾದ್ಯತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ಅದರಲ್ಲಿ ದೊಡ್ಡ ಪಾಲು ಇಂಡೋನೇಷ್ಯಾ, ಮಲೇಷ್ಯಾಗಳ ತಾಳೆ ಎಣ್ಣೆಯದು. ಅಲ್ಲಿಯ ಮಳೆಕಾಡು ಕಡಿದ ನೆಲದ ಎಣ್ಣೆ ಇಲ್ಲಿಯ ಬೋಂಡದ ಬಾಣಲೆಗೆ ಬಂದಿದೆ. 2024ರ ಅಕ್ಟೋಬರಿನಲ್ಲಿ ಕೇಂದ್ರವು 10,103 ಕೋಟಿ ರೂಪಾಯಿಗಳ ಹೊಸ ಎಣ್ಣೆಕಾಳು ಮಿಷನ್ನಿಗೆ ಒಪ್ಪಿಗೆ ನೀಡಿತು. 390 ಲಕ್ಷ ಟನ್ನುಗಳ ಎಣ್ಣೆಕಾಳು ಉತ್ಪಾದನೆಯನ್ನು 2030-31ರ ಹೊತ್ತಿಗೆ 697 ಲಕ್ಷಕ್ಕೆ ಏರಿಸುವ ಗುರಿ ಅದರದು. 2025ರ ಮೇ ಕೊನೆಯಲ್ಲಿ ಅದೇ ಕೇಂದ್ರ, ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೂಲ ಆಮದು ಸುಂಕವನ್ನು ಶೇ. 20ರಿಂದ 10ಕ್ಕೆ ಇಳಿಸಿತು. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದೆಂದರೆ ಇದೇ ಅಲ್ಲವೆ?

ಆದರೆ ಕೊತ್ತಗೆರೆಯಂಥ ಊರುಗಳಲ್ಲಿ ಅಕ್ಕಡಿ ಸಾಲನ್ನು ಅಳಿಸಿದ್ದು ತಾಳೆ ಎಣ್ಣೆಯೊಂದೇ ಅಲ್ಲ. ರಾಗಿಯ ಕಳೆಗೆಂದು ಶಿಫಾರಸಾದ 2,4-ಡಿ ಎಂಬ ಕಳೆನಾಶಕ ಅಗಲ ಎಲೆಯ ಗಿಡಗಳನ್ನು ಕೊಲ್ಲುತ್ತದೆ, ಹುಲ್ಲಿನ ಜಾತಿಯ ರಾಗಿಯನ್ನು ಉಳಿಸುತ್ತದೆ. ಸಾಸಿವೆ, ಹುಚ್ಚೆಳ್ಳು, ಅವರೆ ಎಲ್ಲವೂ ಅಗಲ ಎಲೆಯವೇ! ಅಜ್ಜಿ ಬಿತ್ತಿದ್ದನ್ನು ಔಷಧಿಯ ಡಬ್ಬಿ ಕಳೆಯೆಂದು ಕರೆಯಿತು. ಅದನ್ನು ಶಿಫಾರಸು ಮಾಡಿದ ಕೃಷಿ ವಿಜ್ಞಾನಿಗಳು ಈ ದೋಷದಿಂದ ಮುಕ್ತರಲ್ಲ. ಬಳಿಕ ಬಂದ ಕಟಾವು ಯಂತ್ರಕ್ಕೂ ಒಂದೇ ಎತ್ತರದ, ಒಂದೇ ಬೆಳೆಯ ಹೊಲ ಬೇಕು. ಯಂತ್ರವನ್ನು ಹಳಿದು ಪ್ರಯೋಜನವಿಲ್ಲ. ಮಕ್ಕಳು ಬೆಂಗಳೂರಿಗೆ ದುಡಿಯಹೋದ ಮನೆಯಲ್ಲಿ ಸಾಸಿವೆಯನ್ನು ಬೇರೆಯಾಗಿ ಕೊಯ್ದು ಬಡಿಯುವವರು ಯಾರು? ಸಾಲನ್ನು ಉಳಿಸಿರೆಂದು ರೈತನಿಗೆ ಉಪದೇಶಿಸುವವರು ಮೊದಲು ಈ ಕೂಲಿಯ ಪ್ರಶ್ನೆಗೆ ಉತ್ತರಿಸಬೇಕು.

ಇದೇ ಕಾರಣಕ್ಕೆ ಕುಲಾಂತರಿ ಸಾಸಿವೆಯ ವ್ಯಾಜ್ಯ ಉತ್ತರ ಭಾರತದವರದು ಮಾತ್ರವೆಂದು ಭಾವಿಸುವುದು ತಪ್ಪು. ದೆಹಲಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಡಿಎಂಎಚ್-11 ತಳಿಯನ್ನು ಪರಿಸರಕ್ಕೆ ಬಿಡಲು 2022ರ ಅಕ್ಟೋಬರಿನಲ್ಲಿ ಕೇಂದ್ರದ ತಜ್ಞ ಸಮಿತಿ ಶಿಫಾರಸು ಮಾಡಿತು. 2024ರ ಜುಲೈ 23ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಆ ತಳಿಯಲ್ಲಿ ಗ್ಲುಫೋಸಿನೇಟ್ ಕಳೆನಾಶಕವನ್ನು ತಾಳುವ ಜೀನ್ ಇದೆ. ಕಳೆನಾಶಕವೇ ಬೇಸಾಯದ ರೀತಿಯಾದರೆ ಜೊತೆಬೆಳೆಗೆ ಜಾಗವೆಲ್ಲಿ?

ಹುಚ್ಚೆಳ್ಳಿನ ಪಾಡನ್ನೂ ಇಲ್ಲಿಯೇ ನೆನೆಯಬೇಕು. ಅದರ ಹೂವು ತನ್ನದೇ ಪರಾಗದಿಂದ ಸಾಮಾನ್ಯವಾಗಿ ಕಾಳು ಕಟ್ಟದು, ಜೇನು ಬರಲೇಬೇಕು. ಹುತ್ರಿದುರ್ಗ, ಹುಲಿಯೂರುದುರ್ಗಗಳ ಬಂಡೆಪೊದೆಗಳ ತುಡುವೆಗೆ ಮಳೆ ನಿಂತ ಮೇಲೆ ರಾಗಿ ಹೊಲದ ಈ ಹಳದಿ ಸಾಲೇ ಆಹಾರ. 2025-26ರ ಮುಂಗಾರಿಗೆ ಹುಚ್ಚೆಳ್ಳಿನ ಬೆಂಬಲ ಬೆಲೆ ಕ್ವಿಂಟಾಲಿಗೆ 9,537 ರೂಪಾಯಿ, ರಾಗಿಯದು 4,886. ಆದರೆ ಸಾಲಿನಲ್ಲಿ ಬೆಳೆದ ನಾಲ್ಕಾರು ಸೇರು ಕಾಳನ್ನು ಹೊತ್ತು ಖರೀದಿ ಕೇಂದ್ರಕ್ಕೆ ಹೋಗುವವರಿಲ್ಲ.

ಹೊಸ ಮಿಷನ್ನಿನ ನೆರವು ಎಕರೆಗೆ ಮಾತ್ರವಲ್ಲದೆ ಅಕ್ಕಡಿ ಸಾಲಿಗೂ ಸಿಗಬೇಕು; ಬೆಳೆ ಸಮೀಕ್ಷೆಯಲ್ಲಿ ರಾಗಿಯ ಜೊತೆಗೆ ಅದರೊಳಗಿನ ಕಾಳುಗಳೂ ದಾಖಲಾಗಬೇಕು; ಹಳ್ಳಿಗೊಂದು ಸಣ್ಣ ಗಾಣಕ್ಕೆ ಸಹಕಾರ ಸಂಘಗಳ ಮೂಲಕ ಸಾಲ ದೊರೆಯಬೇಕು. ಶಾಲಾ ವಿದ್ಯಾರ್ಥಿಗಳು ರಜೆಯಲ್ಲಿ ಮನೆಮನೆಗೆ ಹೋಗಿ, ಯಾರ ಅಟ್ಟದ ಮಡಕೆಯಲ್ಲಿ ನಾಟಿ ಸಾಸಿವೆ, ಹುಚ್ಚೆಳ್ಳು ಉಳಿದಿದೆಯೆಂದು ಬರೆದುಕೊಳ್ಳುವುದು ಈ ಮುಂಗಾರಿಗೆ ಮೊದಲೇ ಆಗಬೇಕಾದ ಕೆಲಸ. ಒಂದೆಕರೆಯ ಅಕ್ಕಡಿಗೆ ಒಂದೆರಡು ಹಿಡಿ ಸಾಸಿವೆ ಸಾಕು.